ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ದೇಹದ ಅಳತೆ ಮತ್ತು ಸ್ಕ್ಯಾನ್: ಅಧ್ಯಯನ ಕೈಕೊಡದಂತೆ ನಡೆಸುವ ಕ್ರಮ

ಹನ್ನೆರಡು ವಾರಗಳ ವ್ಯಾಯಾಮದ ಅಧ್ಯಯನ ಮುಗಿದಿದೆ. ಆರಂಭಕ್ಕೊಂದು, ಕೊನೆಗೊಂದು ಡೆಕ್ಸಾ ಸ್ಕ್ಯಾನ್ (ಎಕ್ಸ್-ಕಿರಣದಿಂದ ದೇಹದ ಮೂಳೆ, ಕೊಬ್ಬು, ಸ್ನಾಯುಗಳ ಲೆಕ್ಕ ಹಾಕುವ ಸ್ಕ್ಯಾನ್) ಆಗಿದೆ. ಒಬ್ಬರ ಸ್ನಾಯು 600 ಗ್ರಾಂ ಹೆಚ್ಚಿದೆ ಎಂದು ವರದಿ ಹೇಳುತ್ತಿದೆ. ಅದೇ ವ್ಯಕ್ತಿಯನ್ನು ಅದೇ ದಿನ ಮೇಜಿನಿಂದ ಇಳಿಸಿ ಮತ್ತೆ ಮಲಗಿಸಿದ್ದರೆ ಎಷ್ಟು ವ್ಯತ್ಯಾಸ ಬರುತ್ತಿತ್ತು ಎಂದು ಕೇಳಿದರೆ ಸಂಶೋಧಕರ ಬಳಿ ಉತ್ತರವಿರುವುದಿಲ್ಲ. ಉತ್ತರವಿಲ್ಲದಿದ್ದರೆ ಆ 600 ಗ್ರಾಂ ಸ್ನಾಯುವೋ, ನೀರೋ, ಯಂತ್ರದ ಏರುಪೇರೋ ಹೇಳಲಾಗದು. ಆಗ ಸರಿಪಡಿಸಲು ಹೊರಡುವುದೆಂದರೆ ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಇಂಥ ಲ್ಯಾಬ್‌ಗಳ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಇದೇ ಸೋಲು. ಯಂತ್ರ ಕೆಟ್ಟು ಅಧ್ಯಯನ ಹಾಳಾಗುವುದು ಅಪರೂಪ. ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡಿದ್ದರಿಂದ ಹಾಳಾಗುವುದೇ ಹೆಚ್ಚು. ಆದ್ದರಿಂದ ಕೆಳಗಿನ ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಒಂದೊಂದು ಹಂತವೂ ಹಿಂದಿನದರ ಮೇಲೆ ನಿಂತಿದೆ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ಒಂದು ಪುಟದ ಅಧ್ಯಯನ ಸಾರಾಂಶ. ಲ್ಯಾಬ್‌ನ ಕಾರ್ಯವಿಧಾನದ ಲಿಖಿತ ಪ್ರತಿ. ಹಿಂದಿನ ಕೆಲವು ತಿಂಗಳ ಗುಣಮಟ್ಟ ಪರೀಕ್ಷೆಯ ದಾಖಲೆ. ಸುರಕ್ಷತಾ ಪ್ರಶ್ನಾವಳಿಗಳು. ಅಳತೆಯ ದಿನ ಪ್ರತಿಯೊಬ್ಬರಿಗೂ ತುಂಬಬೇಕಾದ ಒಂದು ಹಾಳೆ. ಅದರಲ್ಲಿ ಸಮಯ, ಕೊನೆಯ ಊಟ, ಬಟ್ಟೆ, ಅಳತೆ ಮಾಡಿದವರ ಗುರುತು, ಸಾಫ್ಟ್‌ವೇರ್ ಆವೃತ್ತಿ, ನಡುವೆ ಆದ ಅಡಚಣೆ ಇವಕ್ಕೆಲ್ಲ ಜಾಗವಿರಲಿ. ಆ ಹಾಳೆ ನಿಮ್ಮ ಅಧ್ಯಯನದ ನೆನಪು. ಆರು ತಿಂಗಳ ನಂತರ ಒಂದು ಸಂಖ್ಯೆ ವಿಚಿತ್ರವಾಗಿ ಕಂಡಾಗ ನೀವು ತಿರುಗಿ ನೋಡುವುದು ಅದನ್ನೇ.

## ಹಂತ 1: ಪ್ರಶ್ನೆಯನ್ನು ಒಂದೇ ಒಂದು ಅಳತೆಗೆ ಇಳಿಸಿ

"ದೈಹಿಕ ಆರೋಗ್ಯ ಸುಧಾರಿಸುತ್ತದೆಯೇ" ಎಂಬ ಪ್ರಶ್ನೆಗೆ ಯಾವ ಯಂತ್ರವೂ ಉತ್ತರ ಕೊಡದು. "ತೊಡೆಯ ಸ್ನಾಯುವಿನ ಗಾತ್ರ 16 ವಾರಗಳಲ್ಲಿ ಹೆಚ್ಚುತ್ತದೆಯೇ" ಎಂದು ಕೇಳಿದರೆ ಕೊಡಬಲ್ಲದು. ಮುಖ್ಯ ಅಳತೆ ಒಂದೇ ಇರಲಿ, ಉಳಿದವೆಲ್ಲ ಪೂರಕ ಎಂದು ಮೊದಲೇ ಬರೆದಿಡಿ.

ಲ್ಯಾಬ್‌ನಲ್ಲಿ ಹತ್ತು ಯಂತ್ರಗಳಿವೆ, ಹತ್ತರಲ್ಲೂ ಅಳೆದುಬಿಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಅಳತೆಗಳು ಹೆಚ್ಚಿದಷ್ಟೂ ಬಂದವರು ದಣಿಯುತ್ತಾರೆ, ಎರಡನೇ ಭೇಟಿಗೆ ಬರುವವರು ಕಡಿಮೆಯಾಗುತ್ತಾರೆ. ಇಪ್ಪತ್ತು ಅಳತೆ ತೆಗೆದರೆ ಯಾವುದೋ ಒಂದು ಆಕಸ್ಮಿಕವಾಗಿಯೇ "ಮಹತ್ವದ್ದು" ಎಂದು ಕಾಣಿಸಿಕೊಳ್ಳುವ ಅಪಾಯವೂ ಇದೆ.

## ಹಂತ 2: ಯಂತ್ರ ಏನನ್ನು ಅಳೆಯುತ್ತದೆ, ಏನನ್ನು ಊಹಿಸುತ್ತದೆ ಎಂದು ತಿಳಿಯಿರಿ

ಡೆಕ್ಸಾ. ಎರಡು ಬೇರೆ ಶಕ್ತಿಯ ಎಕ್ಸ್-ಕಿರಣಗಳು ದೇಹವನ್ನು ಹಾಯುವಾಗ ಎಷ್ಟೆಷ್ಟು ಕುಗ್ಗುತ್ತವೆ ಎಂಬುದರಿಂದ ಮೂಳೆಯ ಖನಿಜ, ಕೊಬ್ಬು ಮತ್ತು ಉಳಿದ ಮೃದು ಅಂಗಾಂಶಗಳನ್ನು ಬೇರ್ಪಡಿಸಿ ಲೆಕ್ಕ ಹಾಕುತ್ತದೆ. ಈ "ಉಳಿದ" ಭಾಗವನ್ನೇ ಜನ ಸ್ನಾಯು ಎನ್ನುತ್ತಾರೆ. ಆದರೆ ಅದರಲ್ಲಿ ನೀರು, ಅಂಗಾಂಗಗಳು, ಹೊಟ್ಟೆಯಲ್ಲಿರುವ ಊಟ ಎಲ್ಲ ಸೇರಿವೆ. ಪೂರ್ಣ ದೇಹದ ಸ್ಕ್ಯಾನ್‌ನ ವಿಕಿರಣ ಕೆಲವೇ ಮೈಕ್ರೋಸೀವರ್ಟ್ (ಸಾವಿರ ಮೈಕ್ರೋಸೀವರ್ಟ್ ಸೇರಿದರೆ ಒಂದು ಮಿಲಿಸೀವರ್ಟ್). ಭೂಮಿಯ ಮೇಲೆ ಸುಮ್ಮನೆ ಬದುಕಿರುವುದರಿಂದ ಒಬ್ಬರಿಗೆ ವರ್ಷಕ್ಕೆ ಸರಾಸರಿ ಸುಮಾರು 2.4 ಮಿಲಿಸೀವರ್ಟ್ ತಗಲುತ್ತದೆ. ಪ್ರಮಾಣ ಅಷ್ಟು ಕಡಿಮೆಯಾದರೂ ಅದು ವಿಕಿರಣವೇ. ಗರ್ಭಿಣಿಯರನ್ನು ಅಧ್ಯಯನಕ್ಕಾಗಿ ಸ್ಕ್ಯಾನ್ ಮಾಡುವಂತಿಲ್ಲ.

ಬಯೋ ಇಂಪೀಡೆನ್ಸ್. ದೇಹದೊಳಗೆ ಸಣ್ಣ ವಿದ್ಯುತ್ ಹರಿಸಿ ತಡೆಯನ್ನು ಅಳೆಯುತ್ತದೆ, ತಡೆಯಿಂದ ನೀರನ್ನು, ನೀರಿನಿಂದ ಕೊಬ್ಬನ್ನು ಸಮೀಕರಣದ ಮೂಲಕ ಊಹಿಸುತ್ತದೆ. ಸಮೀಕರಣ ಯಾವ ಜನರ ಮೇಲೆ ತಯಾರಾಯಿತು ಎಂಬುದು ಇಲ್ಲಿ ದೊಡ್ಡ ಪ್ರಶ್ನೆ. ಪೇಸ್‌ಮೇಕರ್ ಇರುವವರಿಗೆ ಇದನ್ನು ಬಳಸಬೇಡಿ.

ಅಲ್ಟ್ರಾಸೌಂಡ್. ಸ್ನಾಯುವಿನ ದಪ್ಪ ಅಳೆಯಲು ಚೆನ್ನಾಗಿದೆ, ವಿಕಿರಣವಿಲ್ಲ. ಆದರೆ ಫಲಿತಾಂಶವೆಲ್ಲ ಪ್ರೋಬ್ (ಚರ್ಮದ ಮೇಲೆ ಇಡುವ ಸಾಧನ) ಹಿಡಿದ ಕೈಯಲ್ಲಿದೆ. ಸ್ವಲ್ಪ ಒತ್ತಿದರೂ ಸ್ನಾಯು ತೆಳುವಾಗಿ ಕಾಣುತ್ತದೆ.

ಎಂಆರ್‌ಐ. ಸ್ನಾಯುವಿನ ಗಾತ್ರ, ಯಕೃತ್ತಿನ ಕೊಬ್ಬು, ಹೊಟ್ಟೆಯ ಅಂಗಗಳ ಸುತ್ತಲಿನ ಒಳಕೊಬ್ಬು ಇವನ್ನೆಲ್ಲ ನೇರವಾಗಿ ನೋಡಬಹುದು. ಇಲ್ಲಿನ ಎಚ್ಚರಿಕೆಗಳು ಬೇರೆಯೇ ಮಟ್ಟದವು. ಹಂತ 8ರಲ್ಲಿ ವಿವರವಾಗಿ ಬರೆದಿದ್ದೇನೆ.

ಉಸಿರಿನ ಅನಿಲ ವಿಶ್ಲೇಷಕ. ವಿಶ್ರಾಂತಿಯಲ್ಲಿ ದೇಹ ಖರ್ಚು ಮಾಡುವ ಶಕ್ತಿ, ವ್ಯಾಯಾಮದಲ್ಲಿ ಬಳಸಬಲ್ಲ ಗರಿಷ್ಠ ಆಮ್ಲಜನಕ, ಎರಡನ್ನೂ ಇದರಿಂದಲೇ ಪಡೆಯುತ್ತಾರೆ.

ಇಲ್ಲಿ ನನ್ನ ಅಭಿಪ್ರಾಯ ಒಂದಿದೆ: ತೊಡೆಯ ಸ್ನಾಯುವೊಂದೇ ನಿಮ್ಮ ಪ್ರಶ್ನೆಯಾದರೆ ಪೂರ್ಣ ದೇಹದ ಡೆಕ್ಸಾಗಿಂತ ಪಳಗಿದ ಕೈ ಮಾಡುವ ಅಲ್ಟ್ರಾಸೌಂಡ್ ಒಳ್ಳೆಯದು. ದೊಡ್ಡ ಯಂತ್ರವೆಂದ ಮಾತ್ರಕ್ಕೆ ಸರಿಯಾದ ಯಂತ್ರವಲ್ಲ.

## ಹಂತ 3: ಅರ್ಜಿ ಬರೆಯುವ ಮುನ್ನ ಲ್ಯಾಬ್ ಸಿಬ್ಬಂದಿಯ ಜೊತೆ ಕೂರಿ

ಹೆಚ್ಚಿನವರು ನೀತಿ ಸಮಿತಿಯ (ಮನುಷ್ಯರ ಮೇಲಿನ ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಸಮಿತಿ) ಅನುಮತಿ ಸಿಕ್ಕ ಮೇಲೆ ಲ್ಯಾಬ್‌ಗೆ ಬರುತ್ತಾರೆ. ಆಗ ಮೇಜಿನ ತೂಕದ ಮಿತಿ, ಯಂತ್ರದ ಬಿಡುವಿಲ್ಲದ ವೇಳಾಪಟ್ಟಿ, ಒಬ್ಬರೇ ತಂತ್ರಜ್ಞರು ಇರುವ ವಾಸ್ತವ ಎಲ್ಲ ಒಟ್ಟಿಗೆ ಎದುರಾಗಿ ತಿದ್ದುಪಡಿ ಅರ್ಜಿ ಹಾಕಬೇಕಾಗುತ್ತದೆ. ತಿಂಗಳುಗಳು ಹೋಗುತ್ತವೆ.

ಮೊದಲ ಸಭೆಯಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಇವು. ಈ ಯಂತ್ರದಲ್ಲಿ, ಈ ಸಿಬ್ಬಂದಿಯ ಕೈಯಲ್ಲಿ ಮರು ಅಳತೆಯ ಏರುಪೇರು ಎಷ್ಟು? ಅದನ್ನು ಯಾವ ತರಹದ ಜನರ ಮೇಲೆ, ಯಾವಾಗ ಲೆಕ್ಕ ಹಾಕಿದ್ದು? ನನ್ನ ಅಧ್ಯಯನ ಮುಗಿಯುವುದರೊಳಗೆ ಯಂತ್ರ ಬದಲಾಗುವ, ಸಾಫ್ಟ್‌ವೇರ್ ಹೊಸದಾಗುವ ಯೋಜನೆ ಇದೆಯೇ? ಅಳತೆ ಮಾಡುವವರು ಯಾರು, ಅವರು ರಜೆ ಹೋದರೆ ಯಾರು? ಕಚ್ಚಾ ದತ್ತಾಂಶ ನನಗೆ ಸಿಗುತ್ತದೆಯೇ ಅಥವಾ ಮುದ್ರಿತ ವರದಿ ಮಾತ್ರವೇ? ಚಿತ್ರದಲ್ಲಿ ಅನುಮಾನಾಸ್ಪದವಾದದ್ದು ಕಂಡರೆ ಯಾರು ನೋಡುತ್ತಾರೆ?

ಏರುಪೇರಿನ ಪ್ರಶ್ನೆಗೆ ಯಂತ್ರದ ಕೈಪಿಡಿಯಲ್ಲಿನ ಸಂಖ್ಯೆಯನ್ನು ಉತ್ತರವಾಗಿ ಕೊಟ್ಟರೆ ಅದು ಮೊದಲ ಅಪಾಯದ ಗುರುತು. ತಯಾರಕರ ಸಂಖ್ಯೆ ಅವರ ಕೈಯಲ್ಲಿ, ಅವರು ಆರಿಸಿದ ಜನರಲ್ಲಿ ಬಂದದ್ದು. ನಿಮಗೆ ಬೇಕಾದ್ದು ಈ ಕೋಣೆಯ ಸಂಖ್ಯೆ.

## ಹಂತ 4: ನೀತಿ ಸಮಿತಿಯ ಅರ್ಜಿಯಲ್ಲಿ ಬಿಟ್ಟುಹೋಗುವ ಮೂರು ಸಂಗತಿ

ಮೊದಲನೆಯದು, ಮರು ಅಳತೆಯ ಸ್ಕ್ಯಾನ್‌ಗಳು. ಮುಂದಿನ ಹಂತದಲ್ಲಿ ಒಬ್ಬರನ್ನೇ ಎರಡು ಮೂರು ಸಲ ಸ್ಕ್ಯಾನ್ ಮಾಡಬೇಕಾಗುತ್ತದೆ. ಡೆಕ್ಸಾ ಆದರೆ ಅದು ಹೆಚ್ಚುವರಿ ವಿಕಿರಣ, ಅದಕ್ಕೂ ಅನುಮತಿ ಬೇಕು. ಮುಖ್ಯ ಅರ್ಜಿಯಲ್ಲೇ ಸೇರಿಸಿ.

ಎರಡನೆಯದು, ಆಕಸ್ಮಿಕವಾಗಿ ಕಾಣುವ ದೋಷಗಳು. ಸಂಶೋಧನೆಗೆಂದು ತೆಗೆದ ಎಂಆರ್‌ಐನಲ್ಲಿ ಗಡ್ಡೆಯಂಥದ್ದು ಕಾಣಬಹುದು. ಅದನ್ನು ಯಾವ ತಜ್ಞರು, ಎಷ್ಟು ದಿನದೊಳಗೆ ನೋಡುತ್ತಾರೆ, ಸ್ವಯಂಸೇವಕರಿಗೆ ಯಾರು ತಿಳಿಸುತ್ತಾರೆ, ಅವರು ತಿಳಿಯಲು ಬಯಸದಿದ್ದರೆ ಏನು ಮಾಡುತ್ತೀರಿ, ಇವನ್ನೆಲ್ಲ ಮೊದಲೇ ಬರೆಯಿರಿ. ಒಪ್ಪಿಗೆ ಪತ್ರದಲ್ಲಿ "ಇದು ರೋಗ ಪತ್ತೆಯ ಸ್ಕ್ಯಾನ್ ಅಲ್ಲ" ಎಂಬ ಸಾಲು ಸ್ಪಷ್ಟವಾಗಿರಲಿ. ಇದು ಬರಿಯ ಔಪಚಾರಿಕತೆಯಲ್ಲ. ಸ್ಕ್ಯಾನ್ ಆಯಿತು, ಯಾರೂ ಏನೂ ಹೇಳಲಿಲ್ಲ, ಹಾಗಾದರೆ ನನಗೇನೂ ಇಲ್ಲ ಎಂದು ನಂಬಿ ನಿಜವಾದ ತಪಾಸಣೆಯನ್ನೇ ಕೈಬಿಡುವವರಿದ್ದಾರೆ.

ಮೂರನೆಯದು, ಚಿತ್ರಗಳು ಎಲ್ಲಿಗೆ ಹೋಗುತ್ತವೆ, ಯಾರೊಂದಿಗೆ ಹಂಚಿಕೆಯಾಗುತ್ತವೆ ಎಂಬುದು. ಮುಂದೆ ಬೇರೆ ಸಂಶೋಧಕರಿಗೆ ಕೊಡುವ ಆಲೋಚನೆ ಇದ್ದರೆ ಈಗಲೇ ಒಪ್ಪಿಗೆ ಕೇಳಿ. ಆಮೇಲೆ ಪ್ರತಿಯೊಬ್ಬರನ್ನೂ ಹುಡುಕಿ ಸಹಿ ಹಾಕಿಸುವುದು ಆಗದ ಮಾತು.

## ಹಂತ 5: ನಿಮ್ಮ ಅಳತೆಯ ಏರುಪೇರನ್ನು ಲೆಕ್ಕ ಹಾಕಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಓದಲು ಸಮಯವಿದ್ದರೆ ಇದನ್ನು ಓದಿ.

ಡೆಕ್ಸಾ ಕ್ಷೇತ್ರದಲ್ಲಿ ಒಪ್ಪಿತವಾದ ಪದ್ಧತಿ ಹೀಗಿದೆ: 15 ಜನರನ್ನು ಮೂರು ಮೂರು ಸಲ, ಅಥವಾ 30 ಜನರನ್ನು ಎರಡೆರಡು ಸಲ ಅಳೆಯಬೇಕು. ಪ್ರತಿ ಸ್ಕ್ಯಾನ್ ಮುಗಿದ ಮೇಲೆ ಅವರು ಮೇಜಿನಿಂದ ಪೂರ್ತಿ ಇಳಿದು, ಮತ್ತೆ ಹತ್ತಿ ಮಲಗಬೇಕು. ಮಲಗಿದಲ್ಲೇ ಎರಡು ಸಲ ಸ್ಕ್ಯಾನ್ ಮಾಡಿದರೆ ಯಂತ್ರದ ಏರುಪೇರು ಮಾತ್ರ ಸಿಗುತ್ತದೆ; ಮಲಗಿಸುವ ಕೈಯ ಏರುಪೇರು ಬಿಟ್ಟುಹೋಗುತ್ತದೆ. ಬಹುಪಾಲು ತಪ್ಪು ಇರುವುದು ಅಲ್ಲೇ.

ಲೆಕ್ಕ ಕಷ್ಟದ್ದಲ್ಲ. ಎರಡೆರಡು ಅಳತೆ ಇದ್ದರೆ, ಪ್ರತಿಯೊಬ್ಬರ ಎರಡು ಅಳತೆಗಳ ವ್ಯತ್ಯಾಸವನ್ನು ವರ್ಗ ಮಾಡಿ 2ರಿಂದ ಭಾಗಿಸಿ. ಎಲ್ಲರ ಉತ್ತರಗಳ ಸರಾಸರಿ ತೆಗೆಯಿರಿ. ಆ ಸರಾಸರಿಯ ವರ್ಗಮೂಲವೇ ನಿಮ್ಮ ಏರುಪೇರು. ಅದನ್ನು 2.77ರಿಂದ ಗುಣಿಸಿದರೆ, ಒಬ್ಬ ವ್ಯಕ್ತಿಯಲ್ಲಿ 95% ಭರವಸೆಯಿಂದ "ಬದಲಾವಣೆ ಆಗಿದೆ" ಎನ್ನಲು ಬೇಕಾದ ಕನಿಷ್ಠ ವ್ಯತ್ಯಾಸ ಸಿಗುತ್ತದೆ.

ಈಗ ಆರಂಭದ ಉದಾಹರಣೆಗೆ ಮರಳೋಣ. ಲ್ಯಾಬ್‌ನ ಏರುಪೇರು 400 ಗ್ರಾಂ ಎಂದುಕೊಳ್ಳಿ. 2.77ರಿಂದ ಗುಣಿಸಿದರೆ ಸುಮಾರು 1.1 ಕಿಲೋ. ಒಬ್ಬರಲ್ಲಿ ಕಂಡ 600 ಗ್ರಾಂ ಈ ಗಡಿಯ ಒಳಗೇ ಇದೆ, ಅದರ ಬಗ್ಗೆ ಏನೂ ಹೇಳುವಂತಿಲ್ಲ.

ಇಲ್ಲಿ ಮೂರು ತಪ್ಪುಗಳು ಪದೇ ಪದೇ ಆಗುತ್ತವೆ.

ವರ್ಗಗಳ ಸರಾಸರಿ ತೆಗೆಯುವ ಬದಲು ಪ್ರತಿಯೊಬ್ಬರ ವಿಚಲನೆಯ (ಅವರವರ ಅಳತೆಗಳ ಏರುಪೇರಿನ) ನೇರ ಸರಾಸರಿ ತೆಗೆಯುತ್ತಾರೆ. ಹಾಗೆ ಮಾಡಿದರೆ ಏರುಪೇರು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ.

ಈ ಗಡಿಯನ್ನು ಗುಂಪಿನ ಸರಾಸರಿಗೂ ಅನ್ವಯಿಸುತ್ತಾರೆ. ಅದು ಒಬ್ಬ ವ್ಯಕ್ತಿಯ ಬದಲಾವಣೆಗೆ ಇರುವ ಗಡಿ. ನಲವತ್ತು ಜನರ ಸರಾಸರಿಯಲ್ಲಿ ಒಬ್ಬೊಬ್ಬರಲ್ಲಿ ಒಂದೊಂದು ದಿಕ್ಕಿಗೆ ಬೀಳುವ ಆಕಸ್ಮಿಕ ದೋಷ ತಗ್ಗುತ್ತದೆ, ಆದ್ದರಿಂದ 600 ಗ್ರಾಂ ಗುಂಪಿನ ಮಟ್ಟದಲ್ಲಿ ಅರ್ಥಪೂರ್ಣವಾಗಬಹುದು. ಆದರೆ ಎಲ್ಲರನ್ನೂ ಒಂದೇ ದಿಕ್ಕಿಗೆ ತಳ್ಳುವ ದೋಷ, ಉದಾಹರಣೆಗೆ ಎರಡನೇ ಭೇಟಿಯಲ್ಲಿ ಎಲ್ಲರೂ ತಿಂಡಿ ತಿಂದು ಬಂದದ್ದು, ಎಷ್ಟು ಜನರಿದ್ದರೂ ತಗ್ಗುವುದಿಲ್ಲ.

ಮೂರನೆಯದು, ಒಂದೇ ದಿನದ ಮರು ಅಳತೆಯಿಂದ ತೃಪ್ತರಾಗುತ್ತಾರೆ. ದಿನದಿಂದ ದಿನಕ್ಕೆ ದೇಹದ ನೀರು ಬದಲಾಗುತ್ತದೆ. ನಿಮ್ಮ ಅಧ್ಯಯನದ ಎರಡು ಭೇಟಿಗಳು ಬೇರೆ ಬೇರೆ ದಿನ ನಡೆಯುವುದರಿಂದ, ಸಣ್ಣ ಗುಂಪಿನಲ್ಲಾದರೂ ಕೆಲವು ದಿನ ಬಿಟ್ಟು ಮರು ಅಳತೆ ಮಾಡಿ ನೋಡಿ. ಬರುವ ಸಂಖ್ಯೆ ಸಾಮಾನ್ಯವಾಗಿ ದೊಡ್ಡದಾಗಿಯೇ ಇರುತ್ತದೆ, ಮತ್ತು ಅದೇ ಪ್ರಾಮಾಣಿಕ ಸಂಖ್ಯೆ.

ಎಷ್ಟು ಸ್ವಯಂಸೇವಕರು ಬೇಕು ಎಂಬ ಲೆಕ್ಕವನ್ನು ಇದಾದ ಮೇಲೆ ಮತ್ತೊಮ್ಮೆ ಮಾಡಿ. ಸಂಖ್ಯೆ ಬದಲಾದರೆ ಸಮಿತಿಗೆ ತಿಳಿಸಿ.

## ಹಂತ 6: ಒಬ್ಬರನ್ನು ಆರಂಭದಿಂದ ಕೊನೆಯ ಕೋಷ್ಟಕದವರೆಗೆ ನಡೆಸಿ

ನಿಜವಾದ ನೇಮಕಾತಿಗೆ ಮುನ್ನ, ಅನುಮತಿಯ ಚೌಕಟ್ಟಿನೊಳಗೆ, ಒಬ್ಬರನ್ನು ಇಡೀ ದಾರಿಯಲ್ಲಿ ಕರೆದೊಯ್ಯಿರಿ. ಕರೆ ಮಾಡುವುದು, ಬರಮಾಡಿಕೊಳ್ಳುವುದು, ಅಳೆಯುವುದು, ಫೈಲ್ ಹೊರತೆಗೆಯುವುದು, ವಿಶ್ಲೇಷಿಸಿ ಕೋಷ್ಟಕಕ್ಕೆ ಹಾಕುವುದು. ತಾಲೀಮನ್ನು ಅಳತೆಗೇ ನಿಲ್ಲಿಸಬೇಡಿ. ಯಂತ್ರದಿಂದ ಹೊರಬಂದ ಫೈಲ್ ನಿಮ್ಮ ಸಾಫ್ಟ್‌ವೇರ್‌ನಲ್ಲಿ ತೆರೆಯುವುದೇ ಇಲ್ಲ ಎಂಬ ಸತ್ಯ ಅರವತ್ತನೆಯವರ ಸರದಿಯಲ್ಲಿ ಗೊತ್ತಾಗುವುದಕ್ಕಿಂತ ಮೊದಲನೆಯವರಲ್ಲೇ ಗೊತ್ತಾಗಲಿ.

## ಹಂತ 7: ಸ್ವಯಂಸೇವಕರ ತಯಾರಿ

ನಿಯಮಗಳನ್ನು ಒಂದು ವಾರ ಮೊದಲು ಬರಹದಲ್ಲಿ ಕೊಡಿ, ಹಿಂದಿನ ದಿನ ಫೋನ್ ಮಾಡಿ ನೆನಪಿಸಿ, ಬಂದ ಮೇಲೆ ಪಾಲಿಸಿದರೇ ಎಂದು ಕೇಳಿ ಬರೆದುಕೊಳ್ಳಿ. ಮೂರೂ ಬೇಕು.

ದೇಹ ಸಂಯೋಜನೆಯ ಅಳತೆಗೆ ರಾತ್ರಿಯ ಉಪವಾಸ, ಬೆಳಗಿನ ಹೊತ್ತು, ಹಿಂದಿನ ದಿನ ಕಠಿಣ ವ್ಯಾಯಾಮ ಮತ್ತು ಮದ್ಯ ಬೇಡ, ಅಳತೆಗೆ ಮುನ್ನ ಮೂತ್ರ ವಿಸರ್ಜನೆ. ಕಾರಣವನ್ನೂ ವಿವರಿಸಿ, ಆಗ ಪಾಲಿಸುತ್ತಾರೆ. ಸ್ನಾಯುವಿನಲ್ಲಿ ಶೇಖರವಾಗುವ ಒಂದು ಗ್ರಾಂ ಗ್ಲೈಕೋಜನ್ (ಸಕ್ಕರೆಯ ಶೇಖರಣಾ ರೂಪ) ಜೊತೆಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ. ಎರಡು ದಿನ ಅನ್ನ, ಸಿಹಿ ಹೆಚ್ಚು ತಿಂದವರ "ಸ್ನಾಯು" ಡೆಕ್ಸಾದಲ್ಲಿ ಹೆಚ್ಚಾಗಿಯೇ ಕಾಣುತ್ತದೆ. ವ್ಯಾಯಾಮ ಮಾಡುವವರು ತೆಗೆದುಕೊಳ್ಳುವ ಕ್ರಿಯಾಟಿನ್ ಪೂರಕ ಶುರು ಮಾಡಿದವರದೂ ಅಷ್ಟೇ. ಹೊಸ ಪೂರಕ, ಹೊಸ ಔಷಧಿ ಏನಾದರೂ ಇದೆಯೇ ಎಂದು ಪ್ರತಿ ಭೇಟಿಯಲ್ಲೂ ಕೇಳಿ.

ಇತ್ತೀಚೆಗೆ ಆಸ್ಪತ್ರೆಯಲ್ಲಿ ಬೇರಿಯಂ ಕುಡಿದು ಪರೀಕ್ಷೆ ಮಾಡಿಸಿದ್ದಾರೆಯೇ, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಅಥವಾ ವಿಕಿರಣಶೀಲ ವಸ್ತು ಚುಚ್ಚಿಸಿಕೊಂಡಿದ್ದಾರೆಯೇ ಎಂಬ ಪ್ರಶ್ನೆ ಡೆಕ್ಸಾಗೆ ಮುಖ್ಯ. ಇದ್ದರೆ ದಿನ ಮುಂದೂಡಿ.

ಗರಿಷ್ಠ ವ್ಯಾಯಾಮ ಪರೀಕ್ಷೆಗೆ ಬೇರೆ ತಯಾರಿ. ಮೊದಲು ಆರೋಗ್ಯ ಪ್ರಶ್ನಾವಳಿ. ಎದೆನೋವು, ತಲೆಸುತ್ತು, ಹೃದಯದ ತೊಂದರೆಯ ಇತಿಹಾಸವಿದ್ದರೆ ವೈದ್ಯರ ಅನುಮತಿಯಿಲ್ಲದೆ ಮುಂದೆ ಹೋಗಬೇಡಿ. ಶಕ್ತಿ ಪರೀಕ್ಷೆ (ಸ್ನಾಯುಬಲದ ಪರೀಕ್ಷೆ) ಇದ್ದರೆ ಒಂದು ಪರಿಚಯದ ದಿನ ಇಡಿ. ಯಂತ್ರ ಹೊಸದಾದವರು ಮೊದಲ ದಿನ ಪೂರ್ತಿ ಬಲ ಹಾಕುವುದಿಲ್ಲ, ಎರಡನೇ ಸಲ ಹಾಕುತ್ತಾರೆ. ಆ ಕಲಿಕೆಯನ್ನೇ ತರಬೇತಿಯ ಫಲ ಎಂದು ಬರೆದುಕೊಂಡ ಅಧ್ಯಯನಗಳು ಬೇಸರ ತರಿಸುತ್ತವೆ.

## ಹಂತ 8: ಅಳತೆಯ ದಿನ

ಸ್ವಯಂಸೇವಕರು ಬರುವ ಮುನ್ನ. ಯಂತ್ರಗಳನ್ನು ಬೇಗ ಚಾಲೂ ಮಾಡಿ ಬಿಸಿಯಾಗಲು ಬಿಡಿ. ಡೆಕ್ಸಾದಲ್ಲಿ ಫ್ಯಾಂಟಮ್ (ಅಳತೆ ಮೊದಲೇ ಗೊತ್ತಿರುವ ಪರೀಕ್ಷಾ ವಸ್ತು) ಇಟ್ಟು ಸ್ಕ್ಯಾನ್ ಮಾಡಿ, ಫಲಿತಾಂಶವನ್ನು ನಕ್ಷೆಯಲ್ಲಿ ಗುರುತಿಸಿ. "ಪಾಸ್" ಎಂಬ ಪದವನ್ನಷ್ಟೇ ನೋಡಬೇಡಿ. ಪ್ರತಿದಿನ ಪಾಸಾಗುತ್ತಲೇ ವಾರದಿಂದ ವಾರಕ್ಕೆ ಒಂದೇ ದಿಕ್ಕಿಗೆ ಜಾರುತ್ತಿರುವ ಯಂತ್ರ ನಕ್ಷೆಯಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಅನಿಲ ವಿಶ್ಲೇಷಕಕ್ಕೆ 3 ಲೀಟರ್ ಸಿರಿಂಜ್‌ನಿಂದ ಗಾಳಿಯ ಪ್ರಮಾಣ, ಗೊತ್ತಿರುವ ಮಿಶ್ರಣದ ಸಿಲಿಂಡರ್‌ನಿಂದ ಅನಿಲದ ಪ್ರಮಾಣ, ಎರಡನ್ನೂ ಸರಿಪಡಿಸಿ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ನಾಲ್ಕು ಜನ ನಿಂತರೆ ಕೋಣೆಯ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಅಳತೆ ಕೆಡುತ್ತದೆ. ನೋಡುವವರನ್ನು ಹೊರಗೆ ಕಳಿಸಿ.

ಪರೀಕ್ಷೆಗಳ ಕ್ರಮ. ಶಾಂತವಾದವು ಮೊದಲು, ದಣಿಸುವವು ಕೊನೆಗೆ. ಎತ್ತರ, ತೂಕ, ರಕ್ತದೊತ್ತಡ, ವಿಶ್ರಾಂತಿಯ ಶಕ್ತಿ ವ್ಯಯ, ದೇಹ ಸಂಯೋಜನೆ, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಲಘು ಉಪಾಹಾರ ಮತ್ತು ಬಿಡುವು, ಶಕ್ತಿ ಪರೀಕ್ಷೆ, ಕೊನೆಗೆ ಗರಿಷ್ಠ ಆಮ್ಲಜನಕ. ವ್ಯಾಯಾಮದ ನಂತರ ಸ್ನಾಯು ಊದಿಕೊಂಡಿರುತ್ತದೆ; ಆಗ ದಪ್ಪ ಅಳೆದರೆ ಆ ಊತವನ್ನೇ ಅಳೆದಂತೆ.

ರಕ್ತದೊತ್ತಡ. ಐದು ನಿಮಿಷ ಕುಳಿತು ವಿಶ್ರಾಂತಿ, ಬೆನ್ನಿಗೆ ಆಸರೆ, ಪಾದಗಳು ನೆಲದ ಮೇಲೆ, ತೋಳು ಹೃದಯದ ಮಟ್ಟಕ್ಕೆ, ಮಾತಿಲ್ಲ. ಕನಿಷ್ಠ ಎರಡು ಸಲ, ಒಂದು ನಿಮಿಷದ ಅಂತರದಲ್ಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಎಲ್ಲ ಗಾತ್ರದ ಪಟ್ಟಿಗಳೂ ಹತ್ತಿರ ಇರಲಿ.

ವಿಶ್ರಾಂತಿಯ ಶಕ್ತಿ ವ್ಯಯ. ಮಲಗಿ ವಿಶ್ರಾಂತಿ ತೆಗೆದುಕೊಂಡ ಮೇಲೆ ಅಳತೆ ಶುರುಮಾಡಿ, ಮೊದಲ ಐದು ನಿಮಿಷವನ್ನು ಕೈಬಿಡಿ. ನಿದ್ದೆ ಹೋಗದಂತೆ ನೋಡಿಕೊಳ್ಳಿ. ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಮತ್ತು ಬಳಸಿದ ಆಮ್ಲಜನಕದ ಅನುಪಾತ ಉಪವಾಸದ ವಿಶ್ರಾಂತಿಯಲ್ಲಿ 0.7 ಮತ್ತು 1.0ರ ನಡುವೆ ಇರಬೇಕು. ಅದರಾಚೆ ಹೋದರೆ ಸೋರಿಕೆ, ಗಾಬರಿಯ ಉಸಿರಾಟ ಅಥವಾ ತಪ್ಪು ಹೊಂದಾಣಿಕೆ. ಆ ಅಳತೆಯನ್ನು ಇಟ್ಟುಕೊಳ್ಳಬೇಡಿ.

ಡೆಕ್ಸಾ. ಲೋಹದ ಗುಂಡಿ, ಜಿಪ್, ಒಳಉಡುಪಿನ ತಂತಿ, ಕೂದಲಿನ ಕ್ಲಿಪ್, ಆಭರಣ ಎಲ್ಲ ತೆಗೆಸಿ. ತೆಗೆಯಲಾಗದ ಬಳೆ, ಉಂಗುರ ಇದ್ದರೆ ಬರೆದಿಡಿ, ಎರಡನೇ ಭೇಟಿಯಲ್ಲೂ ಹಾಗೆಯೇ ಇರಲಿ. ಕೈಗಳು ಪಕ್ಕೆಗೆ ತಗಲದಂತೆ, ಅಂಗೈ ಯಾವ ಕಡೆಗೆ ಎಂಬುದೂ ಒಂದೇ ರೀತಿ ಇರುವಂತೆ ಮಲಗಿಸಿ. ಸ್ಕ್ಯಾನ್ ಪ್ರದೇಶಕ್ಕಿಂತ ಅಗಲವಾದ ದೇಹವಿದ್ದರೆ ಅರ್ಧ ದೇಹದ ವಿಧಾನ (ಒಂದು ಬದಿಯನ್ನು ಅಳೆದು ಇನ್ನೊಂದನ್ನು ಅದರಿಂದ ಅಂದಾಜಿಸುವುದು) ಬಳಸಿ, ಮತ್ತು ಮೊದಲ ದಿನ ಬಲಭಾಗ ಆರಿಸಿದ್ದರೆ ಕೊನೆಯ ದಿನವೂ ಬಲಭಾಗವನ್ನೇ ಆರಿಸಿ. ಇದನ್ನೆಲ್ಲ ಹೇಳುವಾಗ ದನಿಯಲ್ಲಿ ಗೌರವವಿರಲಿ. ಮೈ ಅಳತೆಗೆ ಬಂದವರು ತಮ್ಮ ದೇಹದ ಬಗ್ಗೆ ಸಂಕೋಚದಿಂದಲೇ ಬಂದಿರುತ್ತಾರೆ.

ಅಲ್ಟ್ರಾಸೌಂಡ್. ಕೆಲವು ನಿಮಿಷ ಮಲಗಿರಲಿ. ಎದ್ದು ನಿಂತಾಗ ಕಾಲಿಗೆ ಇಳಿದ ದ್ರವ ಮರಳಬೇಕು. ಮೂಳೆಯ ಗುರುತುಗಳಿಂದ ಅಳೆದು ಜಾಗ ನಿಗದಿಪಡಿಸಿ, ಪಾರದರ್ಶಕ ಹಾಳೆಯ ಮೇಲೆ ಮಚ್ಚೆ, ಗಾಯದ ಕಲೆಗಳ ಜೊತೆ ಗುರುತಿಸಿಟ್ಟುಕೊಂಡರೆ ಎರಡನೇ ಭೇಟಿಯಲ್ಲಿ ಅದೇ ಜಾಗ ಸಿಗುತ್ತದೆ. ಜೆಲ್ ಧಾರಾಳವಾಗಿರಲಿ, ಪ್ರೋಬ್ ಜೆಲ್‌ನ ಮೇಲೆ ತೇಲುತ್ತಿರಬೇಕು. ಮೂರು ಚಿತ್ರ ತೆಗೆದು ಸರಾಸರಿ ಮಾಡಿ.

ಎಂಆರ್‌ಐ. ಆಯಸ್ಕಾಂತ ಸದಾ ಚಾಲೂ ಇರುತ್ತದೆ. ಸ್ಕ್ಯಾನ್ ನಡೆಯದಿದ್ದಾಗಲೂ, ರಾತ್ರಿಯೂ, ರಜೆಯಲ್ಲೂ. ಇದನ್ನು ಮರೆತವರಿಂದಲೇ ಅನಾಹುತಗಳಾಗುತ್ತವೆ. ಆಮ್ಲಜನಕದ ಸಿಲಿಂಡರ್, ಕತ್ತರಿ, ಗಾಲಿಕುರ್ಚಿ ಒಳಗೆ ಹೋದರೆ ಹಾರಿ ಬಡಿಯುತ್ತವೆ.

ಸುರಕ್ಷತಾ ಪ್ರಶ್ನಾವಳಿಯನ್ನು ಎರಡು ಸಲ ತುಂಬಿಸಿ: ನೇಮಕಾತಿಯ ದಿನ ಒಮ್ಮೆ, ಬಾಗಿಲಿನ ಮುಂದೆ ಮತ್ತೊಮ್ಮೆ, ಎದುರು ಕುಳಿತು ಬಾಯಿಮಾತಿನಲ್ಲಿ. ಶಸ್ತ್ರಚಿಕಿತ್ಸೆ, ಕಸಿ ಉಪಕರಣ, ಶ್ರವಣ ಸಾಧನ, ಇನ್ಸುಲಿನ್ ಪಂಪ್, ಚರ್ಮದ ಮೇಲಿನ ಸಕ್ಕರೆ ಸೆನ್ಸರ್, ಹಚ್ಚೆ, ಶಾಶ್ವತ ಮೇಕಪ್ ಎಲ್ಲ ಕೇಳಿ. ವೆಲ್ಡಿಂಗ್, ಲೋಹ ಉಜ್ಜುವ ಕೆಲಸ ಮಾಡಿದವರ ಕಣ್ಣಿನಲ್ಲಿ ಅವರಿಗೇ ಗೊತ್ತಿಲ್ಲದ ಲೋಹದ ಚೂರು ಇರಬಹುದು. ಆ ಪ್ರಶ್ನೆಯನ್ನು ಬಿಡಬೇಡಿ. ಕಸಿ ಉಪಕರಣ 1.5 ಟೆಸ್ಲಾದಲ್ಲಿ (ಟೆಸ್ಲಾ ಎಂದರೆ ಆಯಸ್ಕಾಂತದ ಬಲದ ಅಳತೆ) ಅನುಮತಿ ಪಡೆದಿದೆ ಎಂದರೆ 3 ಟೆಸ್ಲಾದಲ್ಲೂ ಸರಿ ಎಂದರ್ಥವಲ್ಲ. ಮಾದರಿಯ ಹೆಸರು, ಸಂಖ್ಯೆ ಸಿಗದಿದ್ದರೆ ಸ್ಕ್ಯಾನ್ ಮಾಡಬೇಡಿ. ಸಂಶೋಧನೆಯ ಸ್ಕ್ಯಾನ್‌ನಿಂದ ಆ ವ್ಯಕ್ತಿಗೆ ಯಾವ ಲಾಭವೂ ಇಲ್ಲದಿರುವಾಗ ಅಪಾಯವನ್ನು ಅವರ ಮೇಲೆ ಹೊರಿಸುವ ಹಕ್ಕು ನಮಗಿಲ್ಲ.

ಕೆಲವು ಕ್ರೀಡಾ ಉಡುಪುಗಳಲ್ಲಿ ಲೋಹದ ಎಳೆಗಳಿರುತ್ತವೆ, ಅವು ಬಿಸಿಯಾಗಿ ಸುಡಬಹುದು. ಲ್ಯಾಬ್‌ನ ಬಟ್ಟೆಯನ್ನೇ ಕೊಡಿ. ಕೈ ಬೆಸೆದುಕೊಳ್ಳುವುದು, ತೊಡೆಗೆ ತೊಡೆ ತಗಲುವುದು ಕೂಡ ಸುಟ್ಟಗಾಯಕ್ಕೆ ದಾರಿ, ನಡುವೆ ಮೆತ್ತೆ ಇಡಿ. ಕಿವಿಗೆ ರಕ್ಷಣೆ, ಕೈಗೆ ಕರೆಯುವ ಗುಂಡಿ ಕಡ್ಡಾಯ. ಗುಂಡಿ ಒತ್ತಿದರೆ ಪ್ರಶ್ನೆ ಕೇಳದೆ ಹೊರತೆಗೆಯುತ್ತೇವೆ ಎಂದು ಮೊದಲೇ ಹೇಳಿ. ಇಕ್ಕಟ್ಟಿನ ಜಾಗಕ್ಕೆ ಹೆದರುವವರು ಈ ಒಂದು ಮಾತಿನಿಂದಲೇ ಎಷ್ಟೋ ಸಮಾಧಾನಗೊಳ್ಳುತ್ತಾರೆ.

ಗರಿಷ್ಠ ಆಮ್ಲಜನಕ ಪರೀಕ್ಷೆ. 8ರಿಂದ 12 ನಿಮಿಷದಲ್ಲಿ ದಣಿವು ಬರುವಂತೆ ಭಾರ ಏರಿಸುವ ಹಂತಗಳನ್ನು ಆರಿಸಿ. ತುರ್ತು ಚಿಕಿತ್ಸೆ ಬಲ್ಲವರು ಕೋಣೆಯಲ್ಲೇ ಇರಲಿ, ಹೃದಯಕ್ಕೆ ವಿದ್ಯುತ್ ಆಘಾತ ನೀಡುವ ಉಪಕರಣ ಕೈಗೆಟುಕುವಲ್ಲಿ ಇರಲಿ. ಅಳತೆ ನಂಬಬಹುದೇ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಸೈಕಲ್ ಮೇಲೆ ಪ್ರತಿ ವ್ಯಾಟ್‌ಗೆ ನಿಮಿಷಕ್ಕೆ ಸುಮಾರು 10 ಮಿಲಿಲೀಟರ್ ಆಮ್ಲಜನಕ ಹೆಚ್ಚುತ್ತದೆ. 50 ವ್ಯಾಟ್‌ನಿಂದ 150ಕ್ಕೆ ಏರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಸರಿಸುಮಾರು ಒಂದು ಲೀಟರ್ ಹೆಚ್ಚಬೇಕು. ಅರ್ಧ ಲೀಟರ್ ಮಾತ್ರ ಹೆಚ್ಚಿದರೆ ಮುಖವಾಡ ಸೋರುತ್ತಿದೆಯೇ ನೋಡಿ. ಲ್ಯಾಬ್‌ನ ಸಿಬ್ಬಂದಿಯೊಬ್ಬರು ಇದೇ ಪರೀಕ್ಷೆಯನ್ನು ತಿಂಗಳಿಗೊಮ್ಮೆ ತಮ್ಮ ಮೇಲೆ ಮಾಡಿಕೊಳ್ಳುವ ಪದ್ಧತಿ ಇದ್ದರೆ ಅದು ಒಳ್ಳೆಯ ಲ್ಯಾಬ್‌ನ ಲಕ್ಷಣ.

## ಹಂತ 9: ಫೈಲ್‌ಗಳನ್ನು ಅಂದೇ ಭದ್ರಪಡಿಸಿ

ಡೈಕಾಮ್ (ವೈದ್ಯಕೀಯ ಚಿತ್ರಗಳನ್ನು ಉಳಿಸುವ ಮಾದರಿ) ಚಿತ್ರದ ಫೈಲ್‌ನೊಳಗೆ ಹೆಸರು, ಹುಟ್ಟಿದ ದಿನ, ಸ್ಕ್ಯಾನ್ ಆದ ಸಮಯ ಅಡಗಿರುತ್ತವೆ. ಫೈಲ್‌ನ ಹೆಸರು ಬದಲಿಸಿದರೆ ಅವು ಹೋಗುವುದಿಲ್ಲ. ಅದಕ್ಕೆಂದೇ ಇರುವ ಸಾಧನದಿಂದ ಅಳಿಸಬೇಕು. ಅಲ್ಟ್ರಾಸೌಂಡ್ ಚಿತ್ರಗಳಲ್ಲಿ ಹೆಸರು ಚಿತ್ರದ ಮೇಲೆಯೇ ಅಚ್ಚಾಗಿರುತ್ತದೆ. ತಲೆಯ ಎಂಆರ್‌ಐಯಿಂದ ಮುಖವನ್ನೇ ಮರುರೂಪಿಸಬಹುದು, ಹಂಚುವ ಮುನ್ನ ಮುಖದ ಭಾಗ ತೆಗೆಯಿರಿ.

ಮುದ್ರಿತ ವರದಿಯಿಂದ ಸಂಖ್ಯೆಗಳನ್ನು ಕೈಯಿಂದ ಟೈಪ್ ಮಾಡಬೇಡಿ. ಮಾಡಲೇಬೇಕಾದರೆ ಇಬ್ಬರು ಬೇರೆ ಬೇರೆಯಾಗಿ ಮಾಡಿ ಹೋಲಿಸಿ. ಗುರುತಿನ ಸಂಖ್ಯೆಯನ್ನು 3-5 ಎಂಬಂತೆ ಇಟ್ಟರೆ ಎಕ್ಸೆಲ್ ಅದನ್ನು ದಿನಾಂಕವಾಗಿ ಬದಲಿಸಿಬಿಡುತ್ತದೆ. ಅಕ್ಷರದಿಂದ ಶುರುವಾಗುವ ಗುರುತು ಕೊಡಿ.

## ಹಂತ 10: ಎರಡನೇ ಭೇಟಿ

ಅದೇ ಯಂತ್ರ, ಅಳೆಯುವ ಅದೇ ವ್ಯಕ್ತಿ, ದಿನದ ಅದೇ ಹೊತ್ತು, ಅದೇ ಬಟ್ಟೆ, ಅದೇ ತಯಾರಿ. ಮೊದಲ ಭೇಟಿಯ ಹಾಳೆಯನ್ನು ಎದುರಿಗಿಟ್ಟುಕೊಂಡೇ ಶುರು ಮಾಡಿ. ಬೇರೆ ತಯಾರಕರ ಡೆಕ್ಸಾ ಯಂತ್ರಗಳ ಸಂಖ್ಯೆಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಯಂತ್ರ ಬದಲಾಗುವುದು ಅನಿವಾರ್ಯವಾದರೆ ಹಳೆಯದನ್ನು ಕಳಿಸುವ ಮುನ್ನ ಒಂದೇ ಜನರನ್ನು ಎರಡರಲ್ಲೂ ಅಳೆದು ಸಂಬಂಧ ಕಂಡುಕೊಳ್ಳಬೇಕು.

ಚಿತ್ರಗಳ ವಿಶ್ಲೇಷಣೆಯನ್ನು ಕೊನೆಗೆ ಒಟ್ಟಿಗೆ, ಒಂದೇ ಸಾಫ್ಟ್‌ವೇರ್ ಆವೃತ್ತಿಯಲ್ಲಿ, ಒಬ್ಬರೇ ಮಾಡಲಿ. ಯಾರು ಯಾವ ಗುಂಪಿನವರು ಎಂಬುದು ಅವರಿಗೆ ಗೊತ್ತಿರಬಾರದು. ತೊಡೆ ಮತ್ತು ಸೊಂಟದ ಗಡಿರೇಖೆಯನ್ನು ಅರ್ಧ ಸೆಂಟಿಮೀಟರ್ ಆಚೀಚೆ ಎಳೆಯುವುದರಲ್ಲಿ ನಮ್ಮ ಆಸೆ ನಮಗೇ ತಿಳಿಯದೆ ಸೇರಿಕೊಳ್ಳುತ್ತದೆ.

## ಕೆಲಸ ನಿಲ್ಲಿಸಿ ನೋಡಬೇಕಾದ ಗುರುತುಗಳು

ಡೆಕ್ಸಾ ಹೇಳುವ ಒಟ್ಟು ತೂಕ ತಕ್ಕಡಿಯ ತೂಕಕ್ಕಿಂತ ಒಂದೆರಡು ಕಿಲೋ ಬೇರೆಯಾಗಿದ್ದರೆ, ಕೈಕಾಲಿನ ಭಾಗ ಸ್ಕ್ಯಾನ್‌ನಿಂದ ಹೊರಗೆ ಉಳಿದಿರಬಹುದು ಅಥವಾ ಗಡಿರೇಖೆ ತಪ್ಪಿರಬಹುದು.

ಕೆಲವು ವಾರಗಳಲ್ಲಿ ಮೂಳೆಯ ಖನಿಜ ಗಣನೀಯವಾಗಿ ಬದಲಾಗಿದೆ ಎಂದು ಕಂಡರೆ ಮೊದಲು ಮಲಗಿಸಿದ ರೀತಿಯನ್ನು ಅನುಮಾನಿಸಿ. ಮೂಳೆ ನಿಧಾನವಾಗಿ ಬದಲಾಗುವ ಅಂಗಾಂಶ.

ಇಡೀ ಗುಂಪು, ಹೋಲಿಕೆ ಗುಂಪೂ ಸೇರಿ, ಒಂದೇ ದಿಕ್ಕಿಗೆ ಸರಿದಿದ್ದರೆ ಕಾರಣ ಜನರಲ್ಲಿಲ್ಲ. ಹೊಸ ಸಾಫ್ಟ್‌ವೇರ್, ದುರಸ್ತಿ, ಹೊಸ ತಂತ್ರಜ್ಞರು, ಬದಲಾದ ತಯಾರಿ ಈ ಕ್ರಮದಲ್ಲಿ ಹುಡುಕಿ.

ಒಂದು ತಿಂಗಳ ಮಾಹಿತಿ ಹಾಳೆಗಳಲ್ಲಿ ಅಡಚಣೆಯ ಅಂಕಣ ಪೂರ್ತಿ ಖಾಲಿ ಇದ್ದರೆ ಎಲ್ಲವೂ ಸುಗಮವಾಗಿತ್ತು ಎಂದುಕೊಳ್ಳಬೇಡಿ, ಯಾರೂ ಬರೆಯುತ್ತಿಲ್ಲ. ಅಂದೇ ಲ್ಯಾಬ್‌ಗೆ ಹೋಗಿ ಒಂದು ಪೂರ್ತಿ ಅಳತೆಯನ್ನು ಪಕ್ಕದಲ್ಲಿ ನಿಂತು ನೋಡಿ, ಆ ಅಂಕಣವನ್ನು ತಂತ್ರಜ್ಞರ ಜೊತೆ ಕೂತು ತುಂಬಿ.